ಮನೆಯಲ್ಲಿ ಒಂದು ಸಿನಿಮಾ ಪೂರ್ತಿ ನೋಡೋಕೆ ಆಗ್ತಿಲ್ಲ. ನಿಮ್ಮಲ್ಲೂ ಹೀಗೇನಾ?

ಅರಸೀಕೆರೆ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಮನೆ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅವರಿಗೀಗ 71. ಸಿನಿಮಾ ಅಂದರೆ ಪ್ರಾಣ. ಕಳೆದ ಯುಗಾದಿಗೆ 55 ಇಂಚಿನ ಟಿವಿ ತಂದಿದ್ದೇ ಅವರಿಗೋಸ್ಕರ.

ಹೋದ ತಿಂಗಳು ನಾನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಬಂದೆ. ನಮ್ಮ ಮನೆಯಲ್ಲಿ ಶುರುವಾದ ಸಿನಿಮಾ 11. ಮುಗಿದಿದ್ದು 2. ಮಗನಿಗೆ 14 ವರ್ಷ, ಹತ್ತು ನಿಮಿಷಕ್ಕೆ ಮೊಬೈಲ್ ಕೈಗೆ ಬರುತ್ತದೆ. ಮಗಳು "ಈ ಹಾಡು ಮುಂದಕ್ಕೆ ಓಡಿಸಮ್ಮ" ಅನ್ನುತ್ತಾಳೆ. ಯಜಮಾನರಿಗೆ ಆಫೀಸಿನಿಂದ ಫೋನ್ ಬಂದರೆ ನಿಲ್ಲಿಸುತ್ತಾರೆ. ಕುಕ್ಕರ್ ಕೂಗಿತು ಅಂತ ನಾನೂ ನಿಲ್ಲಿಸಿ ಹೋಗುತ್ತೇನೆ. ವಾಪಸ್ ಬಂದು ನೋಡಿದರೆ ಅಪ್ಪ ಎದ್ದು ರೂಮಿಗೆ ಹೋಗಿರುತ್ತಾರೆ. ಏನೂ ಹೇಳುವುದಿಲ್ಲ. "ನಿದ್ದೆ ಬಂತು" ಅನ್ನುತ್ತಾರೆ ಅಷ್ಟೇ. ಆದರೆ ಅವರ ರೂಮಿನ ಲೈಟು ಹನ್ನೊಂದು ಗಂಟೆಯವರೆಗೂ ಉರಿಯುತ್ತಿರುತ್ತದೆ. ಅದನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ.

ಅಪ್ಪ ಅರಸೀಕೆರೆ ಹತ್ತಿರದ ಹಳ್ಳಿಯವರು. ಟೆಂಟ್ ಸಿನಿಮಾಕ್ಕೆ ಮೂರು ಮೈಲಿ ನಡೆದು ಹೋಗಿ, ಸೆಕೆಂಡ್ ಶೋ ಮುಗಿಸಿ, ಕತ್ತಲಲ್ಲಿ ಹಾಡು ಹೇಳಿಕೊಂಡು ವಾಪಸ್ ಬರುತ್ತಿದ್ದರಂತೆ. ನಾವು ಚಿಕ್ಕವರಿದ್ದಾಗ ಸಂಬಳ ಬಂದ ಮೇಲಿನ ಭಾನುವಾರ ಮ್ಯಾಟಿನಿಗೆ ಕರೆದುಕೊಂಡು ಹೋಗುತ್ತಿದ್ದರು. ಅಮ್ಮ ಚಕ್ಕುಲಿ ಕಟ್ಟಿಕೊಳ್ಳುತ್ತಿದ್ದಳು. ಸಿನಿಮಾ ಹೇಗೇ ಇರಲಿ, ಮಧ್ಯದಲ್ಲಿ ಎದ್ದು ಬಂದಿದ್ದು ನನಗೆ ನೆನಪೇ ಇಲ್ಲ.

ಇದು ಯಾವಾಗ ತಪ್ಪಿಹೋಯಿತು? ಟಿವಿ ಬಂದಾಗಲಾ, ವಿಡಿಯೋ ಬಂದಾಗಲಾ, ಮೊಬೈಲ್ ಬಂದಾಗಲಾ? ಆ ಕಾಲ ನೋಡಿದವರು ಹೇಳಿ. ಯಾರಾದರೂ ಮನೆಯಲ್ಲಿ ಇದನ್ನು ಸರಿಮಾಡಿಕೊಂಡಿದ್ದರೆ ಅದನ್ನೂ ಹೇಳಿ.

ಕ್ಯಾಬಿನ್‌ನಲ್ಲಿದ್ದವನು

ನೋಡಮ್ಮ, ನಿಮ್ಮ ತಂದೆಯವರು ನಡೆದುಕೊಂಡು ಬರುತ್ತಿದ್ದಂಥ ಟೆಂಟಿನಲ್ಲೇ ನಾನು ಕೆಲಸ ಕಲಿತಿದ್ದು. 1974ರಲ್ಲಿ, ಹದಿನಾರನೇ ವಯಸ್ಸಿಗೆ, ತಿಪಟೂರು ಕಡೆ ಒಂದು ಟೂರಿಂಗ್ ಟಾಕೀಸ್‌ನಲ್ಲಿ ಆಪರೇಟರ್ ಕೈಕೆಳಗೆ ಹುಡುಗನಾಗಿ ಸೇರಿದೆ. 1981ರಲ್ಲಿ ಊರಿನ ಪರ್ಮನೆಂಟ್ ಥಿಯೇಟರ್‌ಗೆ ಬಂದೆ. 2012ರವರೆಗೆ ಸಿನಿಮಾ ಓಡಿಸುವ ಮೆಷಿನ್ ಇರುವ ಕ್ಯಾಬಿನ್‌ನಲ್ಲೇ ಇದ್ದೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಟೆಂಟಿನಲ್ಲಿ ಹಗಲು ಆಟ ಇರುತ್ತಿರಲಿಲ್ಲ. ಬಟ್ಟೆ ಗುಡಾರದೊಳಗೆ ಹಗಲಲ್ಲಿ ಕತ್ತಲೆ ಎಲ್ಲಿಂದ ಬರಬೇಕು? ಹೊತ್ತು ಮುಳುಗಿದ ಮೇಲೆ ಎರಡೇ ಆಟ. ಶುರುವಾಗುವ ಮುಂಚೆ ಘಂಟಸಾಲ ಹಾಡಿದ ವೆಂಕಟೇಶ್ವರನ ಹಾಡನ್ನು ಮೈಕಿನಲ್ಲಿ ಹಾಕುತ್ತಿದ್ದೆವು. ಹೊಲದ ದಾರಿಯಲ್ಲಿ ಬರುವವರಿಗೆ ಅದೇ ಗಡಿಯಾರ. ಹಾಡು ಕೇಳಿಸಿದ ಕೂಡಲೇ ಓಡು. ನೆಲ, ಬೆಂಚು, ಚೇರು, ಮೂರು ಕ್ಲಾಸು. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಹಿಂದೆ ಕೂತವನು "ಗುಡ್ಡೆ ಇಳಿಸೋ" ಅಂತ ಕೂಗುತ್ತಿದ್ದ.

ಇನ್ನೊಂದು ವಿಷಯ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಟೆಂಟಿನಲ್ಲಿ ಇದ್ದಿದ್ದು ಒಂದೇ ಮೆಷಿನ್. ರೀಲು ಮುಗಿದರೆ ದೀಪ ಹಾಕಬೇಕು, ಮುಂದಿನ ರೀಲು ಏರಿಸಬೇಕು, ಮತ್ತೆ ದೀಪ ಆರಿಸಬೇಕು. ಹಾಗಾಗಿ ಒಂದು ಸಿನಿಮಾಕ್ಕೆ ಎಷ್ಟೋ ಇಂಟರ್ವಲ್. ಕಡಲೆಕಾಯಿ, ಸೋಡಾ, ಬೀಡಿ. ಆ ಹೊತ್ತಿನಲ್ಲಿ ಜನ ಮುಂದೆ ಏನಾಗಬಹುದು ಅಂತ ತಮ್ಮತಮ್ಮಲ್ಲೇ ವಾದ ಮಾಡುತ್ತಿದ್ದರು. ನಾನು ರೀಲು ಹಾಕುತ್ತಾ ಅದನ್ನೇ ಕೇಳಿಸಿಕೊಳ್ಳುತ್ತಿದ್ದೆ. ಮುಂದಿನ ಕಥೆ ನನಗೊಬ್ಬನಿಗೇ ಗೊತ್ತು. ಹೇಳಬಾರದು ಅಂತ ನಮ್ಮ ಆಪರೇಟರ್ ಆಣೆ ಹಾಕಿಸಿಕೊಂಡಿದ್ದರು.

ಥಿಯೇಟರ್‌ನಲ್ಲಿ ಎರಡು ಮೆಷಿನ್. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆ ಸಿನಿಮಾ ಅಂದರೆ 13,500 ಅಡಿ. ರೀಲು ಮುಗಿಯುವ ಹೊತ್ತಿಗೆ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚಿಕ್ಕ ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಮೆಷಿನ್ ಮೋಟರ್ ಹಾಕಬೇಕು. ಸುಮಾರು ಏಳು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ. ಆಗ ಬದಲಾಯಿಸಬೇಕು. ಕೆಳಗೆ ಕೂತ ಆರುನೂರು ಜನರಿಗೆ ಗೊತ್ತೇ ಆಗಬಾರದು. ಬೆಳಕು ಬರುತ್ತಿದ್ದಿದ್ದು ಕಾರ್ಬನ್ ಕಡ್ಡಿಯಿಂದ. ಕಡ್ಡಿ ಉರಿದು ಸವೆಯುತ್ತಾ ಹೋದ ಹಾಗೆ ಹತ್ತಿರ ತರುತ್ತಾ ಇರಬೇಕು. ಎರಡು ನಿಮಿಷ ಮರೆತರೆ ತೆರೆ ಮಂಕು, ಕೂಡಲೇ ಶಿಳ್ಳೆ. ಹೊರಗೆ ಮಗು ಹುಟ್ಟಿದ ಸುದ್ದಿ ಬಂದರೂ ಕ್ಯಾಬಿನ್ ಬಿಡುವ ಹಾಗಿಲ್ಲ. ನನ್ನ ಎರಡನೇ ಮಗ ಹುಟ್ಟಿದಾಗ ನಾನು ಫಸ್ಟ್ ಶೋ ನಡೆಸುತ್ತಿದ್ದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆಗ ಸಿನಿಮಾ ನಿಲ್ಲಿಸುವುದು ನೋಡುವವರ ಕೈಯಲ್ಲಿ ಇರಲಿಲ್ಲ. ಒಂದಕ್ಕೆ ಎದ್ದು ಹೋದರೆ ಆ ಐದು ನಿಮಿಷ ಹೋಯಿತು. ವಾಪಸ್ ಬಂದು ಪಕ್ಕದವನನ್ನು "ಏನಾಯ್ತಣ್ಣ" ಅಂತ ಕೇಳಬೇಕು. ಅವನು ಪಿಸುಮಾತಿನಲ್ಲಿ ಹೇಳುತ್ತಾನೆ. ಗುರುತು ಪರಿಚಯ ಇಲ್ಲದಿದ್ದರೂ ಹೇಳುತ್ತಾನೆ.

ಇದನ್ನು ಟಿವಿ ಹಾಳುಮಾಡಿತು ಅಂತ ನಾನು ಒಪ್ಪುವುದಿಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತಲ್ಲ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಟಿವಿ ಇದ್ದ ಮನೆ ಹಜಾರದಲ್ಲಿ ಚಪ್ಪಲಿ ಬಿಟ್ಟು ಕೂರುತ್ತಿದ್ದರು, ಊದುಬತ್ತಿ ಹಚ್ಚುತ್ತಿದ್ದರು. ನಮ್ಮ ಟೆಂಟಿನ ನೆಲದ ಕ್ಲಾಸೇ ಅದು. ಟಿವಿಯನ್ನೂ ಯಾರೂ ನಿಲ್ಲಿಸುವ ಹಾಗಿರಲಿಲ್ಲ ನೋಡಿ. ನಿಲ್ಲಿಸುವ ಗುಂಡಿ ಬಂದಿದ್ದು ವಿಡಿಯೋ ಕ್ಯಾಸೆಟ್ ಜೊತೆ. ನನ್ನ ಲೆಕ್ಕದಲ್ಲಿ ತಪ್ಪಿದ್ದು ಅಲ್ಲಿ.

ಆಮೇಲಿನದು ಬೇಗ ಹೇಳುತ್ತೇನೆ, ಹೇಳಲು ಮನಸ್ಸೂ ಬರುವುದಿಲ್ಲ. ಮೊದಲು ಸಿನಿಮಾ ಹಂಚಿಕೆದಾರರಿದ್ದ ಬೆಂಗಳೂರಿನ ಗಾಂಧಿನಗರದಿಂದ ಪ್ರಿಂಟಿನ ಡಬ್ಬಗಳು ಬಸ್ಸಿನಲ್ಲಿ ಬರುತ್ತಿದ್ದವು. ಡಬ್ಬ ಇಳಿಸಿಕೊಳ್ಳಲು ಬಸ್ ಸ್ಟ್ಯಾಂಡಿಗೆ ಜನ ಸೇರುತ್ತಿದ್ದರು. ಕೊನೆಗೆ ಉಪಗ್ರಹದಿಂದಲೇ ಸಿನಿಮಾ ಬಂತು. ಟೈಮ್ ಹಾಕಿಟ್ಟರೆ ತಾನೇ ಶುರುವಾಗುತ್ತದೆ. 2012ರಲ್ಲಿ ನನ್ನ ಕೆಲಸ ಮುಗಿಯಿತು. ನಮ್ಮ ಥಿಯೇಟರ್ ಈಗ ಕಲ್ಯಾಣ ಮಂಟಪ. ಹೋದ ವರ್ಷ ಅಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹಾಲ್‌ನ ಮೇಲ್ಗಡೆ ಗೋಡೆಯಲ್ಲಿ ಬೆಳಕು ಬೀಳುತ್ತಿದ್ದ ಎರಡು ಕಿಂಡಿ ಹಾಗೇ ಇವೆ. ಸಿಮೆಂಟು ಮೆತ್ತಿದ್ದಾರೆ, ಆದರೆ ಗುರುತು ಕಾಣುತ್ತದೆ.

ನಿಮ್ಮ ತಂದೆಯವರನ್ನು ಕೇಳಿ ನೋಡಿ, ಸೆನ್ಸಾರ್ ಸರ್ಟಿಫಿಕೇಟ್ ತೆರೆ ಮೇಲೆ ಬಂದಾಗ ಏನು ಮಾಡುತ್ತಿದ್ದಿರಿ ಅಂತ. ಖಂಡಿತ ನೆನಪಿರುತ್ತದೆ.

ಕ್ಯಾಸೆಟ್ ಅಂಗಡಿ ಅಕ್ಕ

ಅಣ್ಣಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೆ ಕ್ಯಾಸೆಟ್ ಮೇಲೆ ತಪ್ಪು ಹೊರಿಸಿದ್ದನ್ನು ನಾನು ಒಪ್ಪುವುದಿಲ್ಲ. ದಾವಣಗೆರೆಯಲ್ಲಿ ನಾನು ಮತ್ತು ನಮ್ಮ ಮನೆಯವರು 1986ರಿಂದ 1997ರವರೆಗೆ ವಿಡಿಯೋ ಲೈಬ್ರರಿ ನಡೆಸಿದ್ದೇವೆ. ಹನ್ನೊಂದು ವರ್ಷ ಕೌಂಟರ್‌ನಲ್ಲಿ ಕೂತಿದ್ದು ನಾನೇ.

ನಿಲ್ಲಿಸುವ ಗುಂಡಿ ಇತ್ತು, ನಿಜ. ಆದರೆ ಯಾರೂ ನಿಲ್ಲಿಸುತ್ತಿರಲಿಲ್ಲ! ಯಾಕೆ ಹೇಳಿ? ಮಾರನೇ ದಿನ ಹತ್ತು ಗಂಟೆಗೆ ಕ್ಯಾಸೆಟ್ ವಾಪಸ್ ಬರಬೇಕು. ಬಾರದಿದ್ದರೆ ಇನ್ನೊಂದು ದಿನದ ಬಾಡಿಗೆ. ರಿವೈಂಡ್ ಮಾಡಿ ತರಬೇಕು, ಅದಕ್ಕೂ ಹೊತ್ತು ಬೇಕು. ಹಾಗಾಗಿ ರಾತ್ರಿ ಊಟ ಆಗಿದ್ದೇ ಹಾಕಿದರೆ ಮುಗಿಸಿಯೇ ಏಳುತ್ತಿದ್ದರು. ಬೆಳಿಗ್ಗೆ ಕ್ಯಾಸೆಟ್ ಕೊಡಲು ಬಂದವರು ಕಥೆ ಹೇಳದೆ ಹೋಗುತ್ತಿರಲಿಲ್ಲ. "ಅಕ್ಕಾ, ಕೊನೇಲಿ ಅವಳನ್ನು ಸಾಯಿಸಬಾರದಿತ್ತು" ಅಂತ ನನ್ನ ಹತ್ತಿರ ಜಗಳಕ್ಕೆ ಬಂದವರಿದ್ದಾರೆ.

ಕಲರ್ ಟಿವಿ, ವಿಸಿಪಿ (ಕ್ಯಾಸೆಟ್ ಓಡಿಸುವ ಪ್ಲೇಯರ್), ಕ್ಯಾಸೆಟ್ ಎಲ್ಲ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ತಳ್ಳುಗಾಡಿಯಲ್ಲಿ ಹಾಸಿಗೆ ಹಾಕಿ, ಅದರ ಮೇಲೆ ಟಿವಿ ಇಟ್ಟು, ಹಗ್ಗ ಕಟ್ಟಿ ಕಳಿಸುವುದು. ಗಣೇಶನ ಹಬ್ಬ, ನಾಮಕರಣ, ಮದುವೆ ಮುಗಿದ ರಾತ್ರಿ. ಒಂದು ಟಿವಿ ಮುಂದೆ ನಲವತ್ತು ಜನ. ಒಂದು ಸಲ ಗಣೇಶನ ಹಬ್ಬದ ರಾತ್ರಿ ಹನ್ನೆರಡಕ್ಕೆ ಕರೆಂಟ್ ಹೋಯಿತು. ಎರಡನೇ ಸಿನಿಮಾದ ಕ್ಲೈಮ್ಯಾಕ್ಸ್ ಇನ್ನೇನು ಬರಬೇಕು. ಒಬ್ಬರೂ ಮನೆಗೆ ಹೋಗಲಿಲ್ಲ. ಚಾಪೆ ಮೇಲೇ ಮಲಗಿದರು. ಎರಡೂವರೆಗೆ ಕರೆಂಟ್ ಬಂತು. ಎಚ್ಚರ ಇದ್ದ ಹುಡುಗರು ಮಿಕ್ಕವರನ್ನೆಲ್ಲ ತಟ್ಟಿ ಎಬ್ಬಿಸಿದರು. ಒಂದು ಅಜ್ಜಿಯನ್ನು ಎತ್ತಿ ಕೂರಿಸಿದರು. ಆಮೇಲೆ ಪ್ಲೇ ಮಾಡಿದರು. ಆ ಅಜ್ಜಿಯನ್ನು ಎಬ್ಬಿಸದೆ ಶುರು ಮಾಡಬಾರದು ಅಂತ ಯಾರೂ ಹೇಳಿಕೊಡಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಮ್ಮ ಅಂಗಡಿ ಮುಚ್ಚಿಸಿದ್ದು ಕೇಬಲ್. ಕೇಬಲ್ ಹುಡುಗರು ರಾತ್ರಿ ಒಂಬತ್ತೂವರೆಗೆ ತಮ್ಮ ಮನೆಯಿಂದಲೇ ಒಂದು ಸಿನಿಮಾ ಹಾಕುತ್ತಿದ್ದರು. 1994ರಲ್ಲಿ ಉದಯ ಟಿವಿ ಬಂತು, ಆಮೇಲೆ ದಿನಾ ಮನೆಗೆ ಕನ್ನಡ ಸಿನಿಮಾ. ಮೆಂಬರ್‌ಗಳು ಡೆಪಾಸಿಟ್ ವಾಪಸ್ ಕೇಳಲು ಶುರುಮಾಡಿದರು. ಒಂದು ಸಿನಿಮಾ ತಪ್ಪಿದರೆ ನಾಳೆ ಇನ್ನೊಂದು ಬರುತ್ತದೆ ಅನ್ನುವ ಧೈರ್ಯ ಜನಕ್ಕೆ ಬಂದಿದ್ದು ಆಗ. ಈಗ ಮೊಬೈಲ್‌ನಲ್ಲೇ ಸಾವಿರ ಸಿನಿಮಾ. ಯಾವುದನ್ನು ಬಿಟ್ಟರೂ ನಷ್ಟ ಇಲ್ಲ. ತಪ್ಪು ಗುಂಡಿಯದಲ್ಲ ಅಣ್ಣ, ಈ ಧೈರ್ಯದ್ದು.

ತಂಗೀ, ನಿಮಗೆ ಒಂದು ಮಾತು. ನನ್ನ ಅಂಗಡಿಗೆ ಬಂದವರು ಕಪಾಟಿನ ಮುಂದೆ ಅರ್ಧ ಗಂಟೆ ನಿಂತು, ಜಗಳ ಆಡಿ, ಒಂದೇ ಕ್ಯಾಸೆಟ್ ಆರಿಸಿಕೊಂಡು ಹೋಗುತ್ತಿದ್ದರು. ದುಡ್ಡು ಒಂದಕ್ಕೇ ಇರುತ್ತಿತ್ತು. ಆರಿಸುವ ಕೆಲಸ ಅಂಗಡಿಯಲ್ಲೇ ಮುಗಿದು, ಮನೆಯಲ್ಲಿ ಬರೀ ನೋಡುವುದು ಉಳಿಯುತ್ತಿತ್ತು. ನೀವು ಟಿವಿ ಹಾಕಿ ಆಮೇಲೆ ಹುಡುಕುತ್ತೀರಿ ಅಲ್ವಾ? ಬೆಳಿಗ್ಗೆ ತಿಂಡಿ ಹೊತ್ತಿಗೇ ಆರಿಸಿಬಿಡಿ. ಆರಿಸುವುದು ಒಬ್ಬರೇ. ವಾರಕ್ಕೊಬ್ಬರ ಸರದಿ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಒಂದು ಕನ್ನಡ ಸಿನಿಮಾ ತೆರೆ ಮೇಲೆ ನೋಡಬೇಕಾದರೆ ನಾವೇ ಜನ ಸೇರಿಸಬೇಕು. ವಾಟ್ಸಾಪ್ ಗುಂಪಿನಲ್ಲಿ ಹೆಸರು ಬರೆಸಿಕೊಂಡು, ಇಷ್ಟು ಜನ ಆದರು ಅಂತ ಗ್ಯಾರಂಟಿ ಆದ ಮೇಲೆ ಭಾನುವಾರ ಒಂದೇ ಒಂದು ಶೋ. ಎರಡು ಗಂಟೆ ರೈಲಿನಲ್ಲಿ ಬರುವವರಿದ್ದಾರೆ.

ಜರ್ಮನಿಯಲ್ಲಿ ಇಂಟರ್ವಲ್ ಇಲ್ಲ. ತೆರೆ ಮೇಲೆ "ವಿರಾಮ" ಅಂತ ಬರುತ್ತದೆ, ಮರುಕ್ಷಣ ಸಿನಿಮಾ ಮುಂದುವರಿಯುತ್ತದೆ. ಮೊದಲ ಸಲ ನಾವೆಲ್ಲ ಎದ್ದು ನಿಂತಿದ್ದೆವು! ಆಮೇಲೆ ಥಿಯೇಟರ್‌ನವರ ಹತ್ತಿರ ಕೇಳಿಕೊಂಡು ಹದಿನೈದು ನಿಮಿಷ ಬಿಡಿಸಿಕೊಂಡೆವು. ಮನೆಯಿಂದ ತಂದ ಕೋಡುಬಳೆ ಹಂಚಿದೆವು. ನನ್ನ ಮಗಳಿಗೆ ಆರು ವರ್ಷ, ಅವಳಿಗೆ ಕಥೆ ನೆನಪಿಲ್ಲ, ಇಂಟರ್ವಲ್ ನೆನಪಿದೆ. ಮನೆಯಲ್ಲಿ ನೋಡುವಾಗಲೂ ಇಂಟರ್ವಲ್ ಬಿಡಿ ಅಕ್ಕ. ಒಂದೇ ಸಲ, ಅದೂ ಸಿನಿಮಾದವರು ಹೇಳಿದ ಜಾಗದಲ್ಲಿ.

ಕೆ.ಜಿ. ರೋಡ್ ಹುಡುಗ

ನಾನು ಬೆಂಗಳೂರಿನವನು. ಎಲ್ಲರೂ ಮನಸ್ಸಿನ ವಿಷಯ ಹೇಳಿದ್ದೀರಿ, ದುಡ್ಡಿನ ವಿಷಯವನ್ನೂ ಸೇರಿಸಬೇಕು ಅನ್ನಿಸಿತು. ಕಾಲೇಜಿನಲ್ಲಿದ್ದಾಗ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದರೆ ಒಂದು ಸಿನಿಮಾಕ್ಕೆ ಟಿಕೆಟ್ ಸಿಗದಿದ್ದರೆ ಪಕ್ಕದ ಥಿಯೇಟರ್, ಅಲ್ಲೂ ಇಲ್ಲ ಅಂದರೆ ಅದರ ಪಕ್ಕದ್ದು. ಕಪಾಲಿ, ಸಾಗರ್, ಸಂತೋಷ್, ನರ್ತಕಿ, ತ್ರಿಭುವನ್, ಎಲ್ಲ ನಡೆದು ಹೋಗುವ ದೂರ. 1968ರ ಕಪಾಲಿಯನ್ನು 2017ರಲ್ಲಿ ಒಡೆದರು. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ತೆರೆಗಳ ಪಿವಿಆರ್ ಮಲ್ಟಿಪ್ಲೆಕ್ಸ್ ಬಂದಾಗ ನಾವೆಲ್ಲ ಖುಷಿಯಿಂದಲೇ ಹೋಗಿದ್ದೆವು. ಸೀಟು ಚೆನ್ನಾಗಿತ್ತು, ಸೌಂಡ್ ಚೆನ್ನಾಗಿತ್ತು, ಹೆಂಗಸರು ಮಕ್ಕಳು ಆರಾಮಾಗಿ ಬರುತ್ತಿದ್ದರು. ಅದು ನಿಜವಾಗಿಯೂ ಒಳ್ಳೆಯ ಬದಲಾವಣೆ.

ಆದರೆ ಈಗ ನಾವು ಐದು ಜನ ಶನಿವಾರ ಮಲ್ಟಿಪ್ಲೆಕ್ಸ್‌ಗೆ ಹೋದರೆ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಎರಡೂವರೆ ಸಾವಿರ ಆಗುತ್ತದೆ. ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮನೆಯಲ್ಲಿ ತಿಂಗಳ ಚಂದಾ ಕಟ್ಟಿದರೆ ಇಡೀ ಮನೆಗೆ ಆಗುತ್ತದೆ. 2020ರ ಜುಲೈನಲ್ಲಿ, ಥಿಯೇಟರ್‌ಗಳು ಮುಚ್ಚಿದ್ದಾಗ, ಹೊಸ ಕನ್ನಡ ಸಿನಿಮಾ ನೇರವಾಗಿ ಪ್ರೈಮ್ ವಿಡಿಯೋದಲ್ಲೇ ಬಂತಲ್ಲ, ಅವತ್ತಿನಿಂದ ನಮ್ಮಮ್ಮ "ಒಂದು ತಿಂಗಳು ಕಾಯೋಣ, ಮನೆಗೇ ಬರುತ್ತೆ" ಅನ್ನುತ್ತಾರೆ. ಅವರನ್ನು ಹೇಗೆ ತಪ್ಪು ಅನ್ನಲಿ?

ಸಿಂಗಲ್ ಸ್ಕ್ರೀನ್, ಅಂದರೆ ಒಂದೇ ತೆರೆಯ ಥಿಯೇಟರ್, ಇನ್ನೂ ಇರುವ ಊರಿನವರು ದಯವಿಟ್ಟು ಅಲ್ಲಿಗೆ ಹೋಗಿ.

ಅರಸೀಕೆರೆ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಕ್ಯಾಬಿನ್‌ನ ಹಿರಿಯರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಸೆನ್ಸಾರ್ ಸರ್ಟಿಫಿಕೇಟ್ ಅಂದ ತಕ್ಷಣ ನಕ್ಕುಬಿಟ್ಟರು. ಎಷ್ಟು ರೀಲು ಅಂತ ಅದರಲ್ಲಿ ಬರೆದಿರುತ್ತಿತ್ತಂತೆ. ಓದಲು ಬರುವವನು ಒಬ್ಬ "ಹದಿನಾರು ರೀಲು!" ಅಂತ ಕೂಗಬೇಕಂತೆ, ಇಡೀ ಟೆಂಟು ಶಿಳ್ಳೆ ಹೊಡೆಯಬೇಕಂತೆ. ಜಾಸ್ತಿ ರೀಲು ಇದ್ದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಂತ. ಅವರ ಗುಂಪಿನಲ್ಲಿ ಓದಲು ಬರುತ್ತಿದ್ದಿದ್ದು ಅಪ್ಪನಿಗೆ ಮಾತ್ರ. ಇದನ್ನು ಅವರು ಇಷ್ಟು ವರ್ಷ ನನಗೆ ಹೇಳಿಯೇ ಇರಲಿಲ್ಲ.

ದಾವಣಗೆರೆ ಅಕ್ಕ ಹೇಳಿದ ಹಾಗೆ ಮಾಡಿದೆವು. ಮೊದಲ ಸರದಿ ಅಪ್ಪನದು. ಶನಿವಾರ ಬೆಳಿಗ್ಗೆ ಇಡ್ಲಿ ತಿನ್ನುವಾಗಲೇ ಒಂದು ಹಳೇ ಕಪ್ಪು-ಬಿಳುಪು ಸಿನಿಮಾದ ಹೆಸರು ಹೇಳಿದರು. ಮಗನ ಮುಖ ಸಪ್ಪಗಾಯಿತು, ಆದರೆ ಒಪ್ಪಿದ. ಮುಂದಿನ ವಾರ ಅವನದೇ ಸರದಿ ತಾನೇ. ಮಗಳು ನೋಟ್‌ಬುಕ್ ಹಾಳೆ ಹರಿದು ಐದು ಟಿಕೆಟ್ ಮಾಡಿದಳು. ನೆಲ, ಬೆಂಚು, ಚೇರು. ಅಜ್ಜನಿಗೆ ಚೇರು, ಮಿಕ್ಕವರಿಗೆಲ್ಲ ನೆಲ. ರಾತ್ರಿ ಅಡುಗೆಯನ್ನು ಆರೂವರೆಗೇ ಮುಗಿಸಿದೆ. ಫೋನುಗಳನ್ನೆಲ್ಲ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಇಟ್ಟೆವು. ಏಳು ಗಂಟೆಗೆ ಲೈಟ್ ಆರಿಸಿದೆವು.

ಸರ್ಟಿಫಿಕೇಟ್ ಬಂತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಮಗನೇ ಓದಿ ಕೂಗಿದ. ಅಪ್ಪ ಹೊಡೆದ ಶಿಳ್ಳೆಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರಂತೆ.

ಎಲ್ಲ ಸಲೀಸಾಗಿ ಆಯಿತು ಅಂತ ಹೇಳುವುದಿಲ್ಲ. ಮೊದಲ ಅರ್ಧ ಗಂಟೆ ಮಗ ಒದ್ದಾಡಿದ. ಮಗಳು ಎರಡು ಸಲ ಹಾಡು ಓಡಿಸಲು ಕೇಳಿದಳು. "ನೆಲದವರಿಗೆ ಆ ಅಧಿಕಾರ ಇಲ್ಲ ಕಂದಾ" ಅಂದರು ಅಪ್ಪ. ಇಂಟರ್ವಲ್‌ನಲ್ಲಿ ಕಡಲೆಪುರಿ ಕಲಸಿ ಕೊಟ್ಟೆ. ಆಮೇಲೆ ಅಡುಗೆಮನೆಯಲ್ಲಿ ಯಜಮಾನರ ಫೋನು ಬಡಿದುಕೊಂಡಿತು. ಆಫೀಸಿನದೇ, ತೆಗೆಯಲೇಬೇಕಿತ್ತು. ಅವರು ಎದ್ದು ರಿಮೋಟ್ ಕಡೆ ನೋಡಿದರು. ಯಾರೂ ಕೊಡಲಿಲ್ಲ. ಸಿನಿಮಾ ನಡೆಯುತ್ತಲೇ ಇತ್ತು.

ಐದಾರು ನಿಮಿಷ ಬಿಟ್ಟು ಬಂದು ಕತ್ತಲಲ್ಲಿ ಅಪ್ಪನ ಕಾಲ ಹತ್ತಿರ ಕೂತರು. "ಏನಾಯ್ತು ಮಾವ?" ಅಂತ ಮೆಲ್ಲಗೆ ಕೇಳಿದರು. ಅಪ್ಪ ತೆರೆಯಿಂದ ಕಣ್ಣು ತೆಗೆಯದೆ, ಬಾಗಿ, ಅವರ ಕಿವಿಯಲ್ಲಿ ಹೋದ ಐದು ನಿಮಿಷದ ಕಥೆ ಹೇಳಿದರು.